ಕಿಟ್ ಬಿಯರ್ ಕಹಿಯಾದರೆ: ಕಾರಣ ಹುಡುಕುವುದು, ಇಳಿಸುವುದು, ಮತ್ತೆ ಬಾರದಂತೆ ಮಾಡುವುದು

ಮೆಲ್ಬರ್ನ್, ಆಕ್ಲೆಂಡ್, ಲಂಡನ್ ಕಡೆ ಇರುವ ನಮ್ಮವರಲ್ಲಿ ಮನೆಯಲ್ಲೇ ಕಿಟ್ (ಹಾಪ್ಸ್ ಸೇರಿಸಿದ ಮಾಲ್ಟ್ ಪಾಕದ ಡಬ್ಬಿ) ತಂದು ಬಿಯರ್ ಮಾಡುವವರಿದ್ದಾರೆ. ಅವರ ಬಾಯಲ್ಲಿ ಮೊದಲು ಬರುವ ದೂರು ಒಂದೇ: ತುಂಬಾ ಕಹಿ. ತಕ್ಷಣ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವಾದ ಹಾಪ್ಸ್ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಬಹಳಷ್ಟು ಸಲ ಡಬ್ಬಿಯಲ್ಲಿದ್ದ ಹಾಪ್ಸ್ ಸರಿಯಾಗೇ ಇರುತ್ತದೆ. ಅದರ ಜೊತೆ ನಿಲ್ಲಬೇಕಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಬಿಯರ್‌ಗೆ ಸಿಹಿ ಕೊಡುವುದು ಇದೇ) ಸಾಕಷ್ಟು ಇರುವುದಿಲ್ಲ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದ್ದೆಲ್ಲ ಸುಲಭ.

ಇನ್ನೊಂದು ಮಾತು. ಬೆಂಗಳೂರಿನ ಲಾಗರ್, ಇಲ್ಲಾ ಬ್ರೂಪಬ್‌ನ ಗೋಧಿ ಬಿಯರ್ ಕುಡಿದು ಬೆಳೆದ ನಾಲಿಗೆಗೆ ಇಂಗ್ಲಿಷ್ ಬಿಯರ್‌ಗಳಾದ ಬಿಟರ್ ಅಥವಾ ರಿಯಲ್ ಏಲ್ ಕಹಿ ಅನಿಸುವುದು ಸಹಜ. ಜರ್ಮನ್ ಗೋಧಿ ಬಿಯರ್‌ನ ಕಹಿ 8ರಿಂದ 15 ಐಬಿಯು (ಕಹಿಯ ಅಳತೆ) ಅಷ್ಟೇ. ರಿಯಲ್ ಏಲ್ ಕಿಟ್ 40 ದಾಟುತ್ತದೆ. ನಿಮಗೆ ಆ ಶೈಲಿಯೇ ಇಷ್ಟವಿಲ್ಲದಿದ್ದರೆ ರಿಪೇರಿಗಿಂತ ಬೇರೆ ಡಬ್ಬಿ ಕೊಳ್ಳುವುದು ಒಳ್ಳೆಯದು.

ಕಾನೂನಿನ ವಿಷಯ ಇಲ್ಲೇ ಮುಗಿಸಿಬಿಡೋಣ. ಬ್ರಿಟನ್‌ನಲ್ಲಿ 1963ರವರೆಗೆ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿತ್ತು. ಈಗ ಅಲ್ಲೂ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲೂ ಸ್ವಂತ ಬಳಕೆಗೆ ಮಾಡಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಡಬ್ಬಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಊರಿಗೆ ತರುವ ಯೋಚನೆ ಬೇಡ.

ಯಾವ ಕಹಿ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಒಂದು ಗ್ಲಾಸಿಗೆ ಸ್ವಲ್ಪ ಹಾಕಿ, ತೀರಾ ತಣ್ಣಗಿದ್ದರೆ ಹತ್ತು ನಿಮಿಷ ಹೊರಗಿಡಿ. ಒಂದು ಗುಟುಕು ಬಾಯಲ್ಲಿ ಹಿಡಿದು ನುಂಗಿ. ನುಂಗಿದ ಮೇಲೆ ಏನಾಗುತ್ತದೆ ಅನ್ನುವುದೇ ಮುಖ್ಯ.

ನಾಲಿಗೆಯ ಹಿಂಭಾಗದಲ್ಲಿ ಕಹಿ ನಿಂತು, ನಿಧಾನವಾಗಿ ಇಳಿದರೆ ಅದು ಹಾಪ್ಸ್‌ನದು. ಇದನ್ನು ಸರಿಮಾಡಬಹುದು.

ಕಹಿಗಿಂತ ಹೆಚ್ಚಾಗಿ ಕೆನ್ನೆಯ ಒಳಭಾಗ ಒಣಗಿ, ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ದೊರಗಾದರೆ ಅದು ಒಗರು. ಕಿಟ್ ಜೊತೆಗೆ ಕ್ರಿಸ್ಟಲ್ ಮಾಲ್ಟಿನಂಥ ಕಾಳು ನೆನೆಸಿದವರಿಗೆ ಇದು ಬರುತ್ತದೆ. ನೀರು ತೀರಾ ಬಿಸಿಯಾಗಿದ್ದರೆ ಕಾಳಿನ ಸಿಪ್ಪೆಯಿಂದ ಟ್ಯಾನಿನ್ ಅನ್ನುವ ಒಗರು ಅಂಶ ಇಳಿಯುತ್ತದೆ. 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ನೆನೆಸಿ ತೆಗೆಯಬೇಕು, ಕುದಿಸಬಾರದು. ಫರ್ಮೆಂಟರ್‌ಗೆ (ಬಿಯರ್ ಹುದುಗಿಸುವ ಪಾತ್ರೆಗೆ) ನೇರವಾಗಿ ಹಾಪ್ಸ್ ಹಾಕುವ ಡ್ರೈ ಹಾಪಿಂಗ್‌ನಲ್ಲೂ ಇಂಥ ಒಗರು, ಗಂಟಲು ಕೆರೆಯುವಿಕೆ ಬರುತ್ತದೆ. ಹಾಪ್ಸ್‌ನ ಸಣ್ಣ ಚೂರುಗಳು ಕೆಳಗಿಳಿಯದೆ ತೇಲುತ್ತಿರುವುದೇ ಕಾರಣ. ಅವು ತಳ ಸೇರಿದ ಮೇಲೆ ಬಹಳ ಮಟ್ಟಿಗೆ ಹೋಗುತ್ತದೆ.

ಬ್ರೆಡ್ಡಿನ ವಾಸನೆಯ ಜೊತೆ ಚುರುಕು ಕಹಿ ಇದ್ದು ಬಿಯರ್ ಮಬ್ಬಾಗಿದ್ದರೆ ಅದು ಯೀಸ್ಟ್. ಸುಟ್ಟ ಕಹಿ ಇದ್ದರೆ ಮಾಲ್ಟ್ ಪಾಕ ಪಾತ್ರೆಯ ತಳ ಹಿಡಿದಿತ್ತಾ ನೆನಪಿಸಿಕೊಳ್ಳಿ. ಸ್ಟೌಟ್ (ಕಪ್ಪು ಬಿಯರ್) ಆಗಿದ್ದರೆ ಹುರಿದ ಮಾಲ್ಟಿನ ಕಹಿ ಅದರ ಗುಣವೇ, ಬಿಡಿ.

ಆಸ್ಪತ್ರೆಯ ಔಷಧಿ, ಅಂಟುಪಟ್ಟಿ ವಾಸನೆ ಬಂದರೆ ಕಥೆ ಬೇರೆ. ನಲ್ಲಿ ನೀರಿನ ಕ್ಲೋರಿನ್ ಅಥವಾ ತೊಳೆಯಲು ಬಳಸಿದ ಬ್ಲೀಚ್ ಉಳಿದು ಕ್ಲೋರೋಫಿನಾಲ್ ಆಗಿದೆ. ಎಷ್ಟು ತಿಂಗಳು ಇಟ್ಟರೂ ಇದು ಹೋಗುವುದಿಲ್ಲ. ಹುಳಿ ಜೊತೆಗೆ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಸೋಂಕು. ಇವೆರಡಕ್ಕೂ ಸಿಂಕೇ ದಾರಿ. ಮುಂದೆ ಹೇಳುವ ಯಾವ ಉಪಾಯವೂ ಇವಕ್ಕೆ ನಾಟುವುದಿಲ್ಲ.

ಲೆಕ್ಕ ಹಾಕಿ ನೋಡಿ

ಐಬಿಯು ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಹೆಚ್ಚುಕಮ್ಮಿ ಎಷ್ಟು ಮಿಲಿಗ್ರಾಂ ಐಸೋ-ಆಲ್ಫಾ ಆಸಿಡ್ (ಹಾಪ್ಸ್‌ನ ಆಲ್ಫಾ ಆಸಿಡ್ ಕುದಿಸಿದಾಗ ಆಗುವ ಕಹಿ ಅಂಶ) ಇದೆ ಅನ್ನುವ ಲೆಕ್ಕ. ಆಸ್ಟ್ರೇಲಿಯಾದ ಕೂಪರ್ಸ್ ಕಂಪನಿ ತನ್ನ 1.7 ಕೆಜಿ ಡಬ್ಬಿಯ ಪಾಕದ ಕಹಿಯನ್ನು ಅಂಕಿಯಲ್ಲಿ ಕೊಡುತ್ತದೆ. ಆ ಅಂಕಿಯನ್ನು 1.7ರಿಂದ ಗುಣಿಸಿ, ನೀವು ಮಾಡಿದ ಒಟ್ಟು ಲೀಟರ್‌ನಿಂದ ಭಾಗಿಸಿದರೆ ನಿಮ್ಮ ಬಿಯರ್‌ನ ಐಬಿಯು ಸಿಗುತ್ತದೆ. ರಿಯಲ್ ಏಲ್ ಡಬ್ಬಿಯ ಅಂಕಿ 560. 23 ಲೀಟರ್ ಮಾಡಿದರೆ 41 ಐಬಿಯು. ಅದನ್ನೇ "ಸ್ವಲ್ಪ ಸ್ಟ್ರಾಂಗ್ ಇರಲಿ" ಅಂತ 19 ಲೀಟರ್‌ಗೆ ನಿಲ್ಲಿಸಿದರೆ 50. ನೀರು ಕಡಿಮೆ ಹಾಕಿದ್ದೇ ಕಹಿಗೆ ಕಾರಣ ಅಂತ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಆದರೆ ಬರೀ ಐಬಿಯು ನೋಡಿದರೆ ಸಾಲದು. ಯೀಸ್ಟ್ ಹಾಕುವ ಮೊದಲಿನ ಗ್ರಾವಿಟಿ (ನೀರಿಗಿಂತ ದ್ರವ ಎಷ್ಟು ಗಟ್ಟಿ, ಅಂದರೆ ಅದರಲ್ಲಿ ಎಷ್ಟು ಸಕ್ಕರೆ ಇದೆ ಅನ್ನುವ ಅಳತೆ) ಜೊತೆ ಹೋಲಿಸಬೇಕು. ಗ್ರಾವಿಟಿ 1.038 ಆಗಿದ್ದರೆ 38 ಪಾಯಿಂಟ್ ಅಂತ ಹಿಡಿಯಿರಿ. 41 ಭಾಗಿಸು 38 ಅಂದರೆ 1.08. ಈ ಸಂಖ್ಯೆ 0.5ರ ಹತ್ತಿರ ಇದ್ದರೆ ಕಹಿ-ಸಿಹಿ ಸಮ ಅನಿಸುತ್ತದೆ. 0.8 ದಾಟಿದರೆ ಕಹಿ ಮುಂದೆ ಬರುತ್ತದೆ. 1ರ ಮೇಲೆ ಹೋದರೆ ಕಹಿ ಬಿಯರ್ ಅಭ್ಯಾಸ ಇರುವವರಿಗೆ ಮಾತ್ರ.

ಅಷ್ಟೇ ಅಲ್ಲ, ಆ 38 ಪಾಯಿಂಟ್ ಎಲ್ಲಿಂದ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 1.7 ಕೆಜಿ ಡಬ್ಬಿ 23 ಲೀಟರ್‌ನಲ್ಲಿ ಸುಮಾರು 22 ಪಾಯಿಂಟ್ ಕೊಡುತ್ತದೆ. ಉಳಿದದ್ದು ಜೊತೆಗೆ ಹಾಕಿದ ಒಂದು ಕೆಜಿ ಗ್ಲೂಕೋಸ್ ಸಕ್ಕರೆ, ಅಂದರೆ ಡೆಕ್ಸ್‌ಟ್ರೋಸ್‌ನದು. ಡೆಕ್ಸ್‌ಟ್ರೋಸ್ ಆಗಲಿ, ಮನೆಯ ಸಕ್ಕರೆ ಆಗಲಿ, ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುತ್ತದೆ. ಮದ್ಯ ಉಳಿಯುತ್ತದೆ, ರುಚಿ ಏನೂ ಉಳಿಯುವುದಿಲ್ಲ. ಬಿಯರ್ ನೀರುನೀರಾಗುತ್ತದೆ, ಕಹಿ ಒಂಟಿಯಾಗಿ ಎದ್ದು ಕಾಣುತ್ತದೆ. ಮಾಲ್ಟ್ ಹಾಕಿದ್ದರೆ ಯೀಸ್ಟ್ ತಿನ್ನಲಾಗದ ಸ್ವಲ್ಪ ಭಾಗ ಉಳಿದು ಬಾಯಿಗೆ ತುಂಬಿದಂತಿರುತ್ತದೆ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಕೊನೆಯಲ್ಲಿ 1.006 ತೋರಿಸುವುದಕ್ಕೂ 1.011 ತೋರಿಸುವುದಕ್ಕೂ ನಾಲಿಗೆಗೆ ಗೊತ್ತಾಗುವಷ್ಟು ವ್ಯತ್ಯಾಸ ಇದೆ.

ಇಲ್ಲೊಂದು ಬಲೆ ಇದೆ. "ಸಕ್ಕರೆ ಬೇಡ, ಮಾಲ್ಟ್ ಹಾಕಿ" ಅಂತ ಯಾರೋ ಹೇಳುತ್ತಾರೆ. ಅಂಗಡಿಗೆ ಹೋಗಿ ಇನ್ನೊಂದು ಬಿಯರ್ ಕಿಟ್ ಡಬ್ಬಿಯನ್ನೇ ತಂದು ಸುರಿಯುತ್ತಾರೆ. ಆ ಡಬ್ಬಿಯಲ್ಲೂ ಹಾಪ್ಸ್ ಇದೆ ಅಲ್ವಾ! 390 ಅಂಕಿಯ ಲಾಗರ್ ಡಬ್ಬಿ ಎರಡು ಹಾಕಿದರೆ 23 ಲೀಟರ್‌ನಲ್ಲಿ ಕಹಿ 58ಕ್ಕೆ ಏರುತ್ತದೆ. ತರಬೇಕಾದದ್ದು ಹಾಪ್ಸ್ ಸೇರಿಸದ ಮಾಲ್ಟ್ ಎಕ್ಸ್‌ಟ್ರಾಕ್ಟ್. ಅದು 1.5 ಕೆಜಿ ಡಬ್ಬಿಯಲ್ಲಿ ಪಾಕವಾಗಿಯೂ, ಪ್ಯಾಕೆಟ್ಟಿನಲ್ಲಿ ಪುಡಿಯಾಗಿಯೂ ಸಿಗುತ್ತದೆ.

ಇನ್ನೂ ಫರ್ಮೆಂಟರ್‌ನಲ್ಲೇ ಇದ್ದರೆ

ಇದು ಅದೃಷ್ಟ ಅಂದುಕೊಳ್ಳಿ. ಆದರೆ ಕೈ ಹಾಕುವ ಮೊದಲು ಹುದುಗುವುದು ಮುಗಿದಿದೆಯಾ ನೋಡಿ. ಎರಡು ದಿನದ ಅಂತರದಲ್ಲಿ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು. ಅರ್ಧ ಹುದುಗಿದ ಬಿಯರ್ ರುಚಿ ನೋಡಿ ತೀರ್ಪು ಕೊಡಬೇಡಿ. ಆಗ ಯೀಸ್ಟ್ ತೇಲುತ್ತಿರುತ್ತದೆ, ಗ್ಯಾಸ್ ಇರುವುದಿಲ್ಲ, ಎಲ್ಲ ಬಿಯರ್ ಆಗ ಒರಟಾಗೇ ಇರುತ್ತದೆ. ಫರ್ಮೆಂಟರ್ ಗೋಡೆಗೆ ಅಂಟಿದ ಕಂದು ಕೊಳೆ ಹಾಪ್ಸ್‌ನ ಅಂಟು, ತುಂಬಾ ಕಹಿ. ಅದನ್ನು ಕೆರೆದು ಒಳಗೆ ಬೀಳಿಸಬೇಡಿ, ಅಲ್ಲಾಡಿಸಲೂಬೇಡಿ.

ನನ್ನ ಮೊದಲ ಆಯ್ಕೆ ಹಾಪ್ಸ್ ಇಲ್ಲದ ಮಾಲ್ಟ್ ನೀರು ಸೇರಿಸುವುದು. 30 ಲೀಟರ್ ಫರ್ಮೆಂಟರ್‌ನಲ್ಲಿ 23 ಲೀಟರ್ ಇದ್ದರೆ ಮೇಲೆ ಜಾಗ ಇರುತ್ತದೆ. ಹೀಗೆ ಮಾಡಿ:

1. ನಾಲ್ಕು ಲೀಟರ್ ನೀರಿಗೆ 500 ಗ್ರಾಂ ತಿಳಿ ಬಣ್ಣದ ಮಾಲ್ಟ್ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ. ಉಕ್ಕುತ್ತದೆ, ದೊಡ್ಡ ಪಾತ್ರೆ ಇಡಿ, ಒಲೆ ಬಿಟ್ಟು ಹೋಗಬೇಡಿ.
2. ಮುಚ್ಚಳ ಮುಚ್ಚಿ, ಸಿಂಕಿನ ತಣ್ಣೀರಿನಲ್ಲಿಟ್ಟು 20 ಡಿಗ್ರಿಗೆ ಇಳಿಸಿ.
3. ಸ್ಯಾನಿಟೈಸ್ ಮಾಡಿದ ಕೊಳವೆಯಿಂದ ಬಿಯರ್‌ನ ಒಳಗೆ ಮೆಲ್ಲಗೆ ಬಿಡಿ. ಮೇಲಿಂದ ಸುರಿದು ಗಾಳಿ ಸೇರಿಸಬೇಡಿ.
4. ಯೀಸ್ಟ್ ಮತ್ತೆ ಎಚ್ಚೆತ್ತು ಈ ಸಕ್ಕರೆ ತಿನ್ನುತ್ತದೆ. ನೊರೆ ಏಳಬಹುದು. ಗ್ರಾವಿಟಿ ಮತ್ತೆ ನಿಲ್ಲುವವರೆಗೆ ಕಾಯಿರಿ. ಅಲ್ಲಿಯವರೆಗೆ ಬಾಟಲಿಗೆ ತುಂಬಲೇಬಾರದು.

41 ಐಬಿಯು ಇದ್ದದ್ದು ಈಗ 35. ಅಂಕಿ ಚಿಕ್ಕದು ಅನಿಸಬಹುದು, ಜೊತೆಗೆ ಮಾಲ್ಟ್ ಕೂಡ ಸೇರಿದೆ ಅನ್ನುವುದನ್ನು ಮರೆಯಬೇಡಿ. ಇದರ ಇನ್ನೊಂದು ಲಾಭ, ಹೊಕ್ಕ ಅಷ್ಟಿಷ್ಟು ಆಮ್ಲಜನಕವನ್ನು ಎಚ್ಚೆತ್ತ ಯೀಸ್ಟ್ ತಾನೇ ಬಳಸಿಕೊಳ್ಳುತ್ತದೆ.

ಇನ್ನೂ ಜಾಸ್ತಿ ಇಳಿಸಬೇಕಾದರೆ ಎರಡನೇ ಪಾತ್ರೆ ಬೇಕು. 1.5 ಕೆಜಿಯ ಹಾಪ್ಸ್ ಇಲ್ಲದ ಡಬ್ಬಿಯನ್ನು 11.5 ಲೀಟರ್ ಮಾಡಿದರೆ ಗ್ರಾವಿಟಿ 1.040 ಹತ್ತಿರ ಬರುತ್ತದೆ. ಬೇರೆಯಾಗಿ ಹುದುಗಿಸಿ, ಎರಡೂ ಮುಗಿದ ಮೇಲೆ ಬಾಟಲಿ ತುಂಬುವ ದಿನ ಬೆರೆಸಿ. 34.5 ಲೀಟರ್ ಬಿಯರ್, 27 ಐಬಿಯು. ಹಾಪ್ಸ್ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಅದಿಲ್ಲದ ಪಾತ್ರೆಯಲ್ಲಿ ಸ್ವಚ್ಛತೆಯ ಕಡೆ ಎರಡು ಪಟ್ಟು ಗಮನ ಇರಲಿ.

ಎರಡನೇ ದಾರಿ, ಯೀಸ್ಟ್ ತಿನ್ನಲಾಗದ ಸಿಹಿ ಅಥವಾ ಮಂದ ಸೇರಿಸುವುದು. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಮೆಲು ಸಿಹಿ ಕೊಡುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಕೊಡದೆ ಬಿಯರ್ ಅನ್ನು ಮಂದ ಮಾಡುತ್ತದೆ. ತಿಳಿ ಏಲ್‌ಗೆ ಮಾಲ್ಟೋಡೆಕ್ಸ್‌ಟ್ರಿನ್, ಕಪ್ಪು ಬಿಯರ್‌ಗೆ ಲ್ಯಾಕ್ಟೋಸ್ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಲಾಗರ್‌ಗೆ ಲ್ಯಾಕ್ಟೋಸ್ ಹಾಕಿದರೆ ಅದು ಬಿಯರ್ ಅನಿಸುವುದಿಲ್ಲ. ಹಾಲು ಆಗದವರಿಗೆ ಕೊಡುವ ಮೊದಲು ಹೇಳಿಬಿಡಿ. ಸೈಸಾನ್ ಅನ್ನುವ ಬೆಲ್ಜಿಯನ್ ಬಿಯರ್‌ಗೆ ಬಳಸುವಂಥ ಕೆಲವು ಯೀಸ್ಟ್ ಡೆಕ್ಸ್‌ಟ್ರಿನ್ ಅನ್ನೂ ನಿಧಾನಕ್ಕೆ ಒಡೆದು ತಿನ್ನುತ್ತದೆ, ಅಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಬೇಡ.

ಪೂರ್ತಿ 23 ಲೀಟರ್‌ಗೆ ಹಾಕುವ ಮೊದಲು ಗ್ಲಾಸಿನಲ್ಲಿ ಪರೀಕ್ಷೆ ಮಾಡಿ. 20 ಗ್ರಾಂ ಲ್ಯಾಕ್ಟೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಬಿಸಿನೀರಿನಲ್ಲಿ ಕರಗಿಸಿ ಒಟ್ಟು 100 ಎಂಎಲ್ ಮಾಡಿ. ಒಂದೊಂದರಲ್ಲಿ 200 ಎಂಎಲ್ ಬಿಯರ್ ಇರುವ ಮೂರು ಗ್ಲಾಸ್ ಇಡಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ 5 ಎಂಎಲ್, ಮೂರನೆಯದಕ್ಕೆ 10 ಎಂಎಲ್. ಮನೆಯವರ ಹತ್ತಿರ ಗ್ಲಾಸ್ ಅದಲುಬದಲು ಮಾಡಿಸಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ಕುಡಿಯಿರಿ. 5 ಎಂಎಲ್ ಇಷ್ಟವಾದರೆ 23 ಲೀಟರ್‌ಗೆ 115 ಗ್ರಾಂ, 10 ಎಂಎಲ್ ಇಷ್ಟವಾದರೆ 230 ಗ್ರಾಂ. ಅರ್ಧ ಲೀಟರ್ ನೀರಿನಲ್ಲಿ ಕುದಿಸಿ, ಆರಿಸಿ ಹಾಕಿ.

ಉಪ್ಪಿಗೂ ಇಲ್ಲೊಂದು ಕೆಲಸ ಇದೆ. ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ, ಕ್ಲೋರೈಡ್ ಮಾಲ್ಟ್ ರುಚಿಯನ್ನು ದುಂಡಗೆ ಮಾಡುತ್ತದೆ. ಅಯೋಡಿನ್ ಇಲ್ಲದ ಉಪ್ಪು ಒಂದು ಗ್ರಾಂ ತೆಗೆದುಕೊಂಡು 100 ಎಂಎಲ್ ನೀರಿನಲ್ಲಿ ಕರಗಿಸಿ. 200 ಎಂಎಲ್ ಬಿಯರ್‌ಗೆ ಒಂದು ಎಂಎಲ್ ಹಾಕಿದರೆ ಅದು 23 ಲೀಟರ್‌ಗೆ 1.15 ಗ್ರಾಂ ಹಾಕಿದ ಹಾಗೆ. ಎರಡು ಎಂಎಲ್ ದಾಟಿ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಉಪ್ಪು ಅಂತ ಗೊತ್ತಾದರೆ ಜಾಸ್ತಿ ಆಯಿತು ಅಂತಲೇ ಅರ್ಥ.

ಮೂರನೆಯದು, ತಿಳಿ ಮಾಡುವುದು. ಕಹಿ ಯೀಸ್ಟ್‌ನದಾದರೆ ಅಥವಾ ಒಗರಾದರೆ ಇದೇ ಮುಖ್ಯ ಔಷಧಿ. ಫರ್ಮೆಂಟರ್ ಫ್ರಿಜ್ಜಿನಲ್ಲಿ ಹಿಡಿಸಿದರೆ 2-3 ಡಿಗ್ರಿಯಲ್ಲಿ ಮೂರ್ನಾಲ್ಕು ದಿನ ಇಡಿ. ಎಲ್ಲ ತಳಕ್ಕೆ ಹೋಗುತ್ತದೆ. ಜೆಲಟಿನ್ ಹಾಕಿದರೆ ಬೇಗ ಆಗುತ್ತದೆ. ಆದರೆ ಜೆಲಟಿನ್ ಪ್ರಾಣಿಗಳದ್ದು, ಐಸಿಂಗ್ಲಾಸ್ ಮೀನಿನದು. ಮೊಟ್ಟೆ ಮುಟ್ಟದ, ಬಿಯರ್ ಮಾತ್ರ ಬಿಡದ ಗೆಳೆಯರು ನಮ್ಮಲ್ಲಿ ಕಮ್ಮಿಯೇನಿಲ್ಲ. ಅವರಿಗೂ ಕೊಡುವುದಿದ್ದರೆ ಬರೀ ತಣ್ಣಗೆ ಮಾಡಿ ಕಾಯಿರಿ. ಒಗರಿಗೆ ಪಿವಿಪಿಪಿ ಅನ್ನುವ ಪುಡಿ ಸಿಗುತ್ತದೆ, ಅದು ಟ್ಯಾನಿನ್ ಹಿಡಿದುಕೊಂಡು ತಳ ಸೇರುತ್ತದೆ. ಪ್ರಾಣಿಮೂಲದ್ದಲ್ಲ.

ಬರೀ ನೀರು ಬೆರೆಸುವುದು? ಬಿಯರ್ ಸ್ಟ್ರಾಂಗ್ ಇದ್ದು, ನೀರು ಕಡಿಮೆ ಹಾಕಿದ್ದೇ ತಪ್ಪಾಗಿದ್ದರೆ ಮಾತ್ರ. ಕುದಿಸಿ ಆರಿಸಿದ ನೀರನ್ನು ಸದ್ದಿಲ್ಲದೆ ಸೇರಿಸಿ. ಈಗಾಗಲೇ ತೆಳ್ಳಗಿರುವ ಬಿಯರ್‌ಗೆ ನೀರು ಹಾಕಿದರೆ ತೆಳ್ಳಗಿನ ಕಹಿ ಬಿಯರ್ ಸಿಗುತ್ತದೆ, ಅಷ್ಟೇ.

ಬಾಟಲಿಗೆ ತುಂಬಿ ಆಗಿದ್ದರೆ

ಮುಚ್ಚಳ ತೆಗೆದು ಸಕ್ಕರೆ, ಬೆಲ್ಲ, ಜೇನು ಹಾಕಿ ಮತ್ತೆ ಮುಚ್ಚುವ ಕೆಲಸ ದಯವಿಟ್ಟು ಬೇಡ. ಒಳಗಿನ ಯೀಸ್ಟ್ ಅದನ್ನೂ ತಿಂದು ಗ್ಯಾಸ್ ಮಾಡುತ್ತದೆ. ಗಾಜಿನ ಬಾಟಲಿ ಒಡೆದು ಸಿಡಿಯುತ್ತದೆ. ಇದು ತಮಾಷೆ ಮಾತಲ್ಲ, ಕಣ್ಣಿಗೆ ಅಪಾಯ.

ಇಲ್ಲಿ ಕಾಯುವುದೇ ದೊಡ್ಡ ಉಪಾಯ. ಗ್ಯಾಸ್ ಹಿಡಿಯಲು 18-20 ಡಿಗ್ರಿಯಲ್ಲಿ ಎರಡು ವಾರ ಹೇಗೂ ಬೇಕು. ಅದಾದ ಮೇಲೆ ಇನ್ನೂ ಆರರಿಂದ ಎಂಟು ವಾರ ಕತ್ತಲೆಯಲ್ಲಿ ಇಡಿ. ಯೀಸ್ಟ್, ಟ್ಯಾನಿನ್ ತಳ ಸೇರುತ್ತದೆ. ಐಸೋ-ಆಲ್ಫಾ ಆಸಿಡ್ ಕೂಡ ನಿಧಾನವಾಗಿ ಒಡೆಯುತ್ತದೆ. ಕಹಿಯ ಅಂಚು ಮೊಂಡಾಗುತ್ತದೆ. ಹಾಪ್ಸ್ ಪರಿಮಳವೂ ಜೊತೆಗೆ ಇಳಿಯುತ್ತದೆ, ಅದಕ್ಕೆ ಮಾಡುವಂಥದ್ದೇನಿಲ್ಲ. ಬಿಸಿಲು ಮಾತ್ರ ತಾಗದಿರಲಿ. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಒಡೆದು ನಾತ ಬರುತ್ತದೆ, ಬಿಳಿ ಮತ್ತು ಹಸಿರು ಬಾಟಲಿಗಳಲ್ಲಿ ಬಲು ಬೇಗ.

ಸುರಿಯುವ ರೀತಿಯೂ ಮುಖ್ಯ. ಬಾಟಲಿಯನ್ನು ಒಂದು ದಿನ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಒಂದೇ ಸಲ, ನಿಲ್ಲಿಸದೆ ಸುರಿಯಿರಿ, ತಳದ ಗಸಿ ಬಾಟಲಿಯಲ್ಲೇ ಬಿಡಿ. ಮಧ್ಯೆ ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಗಸಿ ಕಲಕುತ್ತದೆ. ಏಲ್ ಆಗಿದ್ದರೆ 8-10 ಡಿಗ್ರಿಯಲ್ಲಿ ಕುಡಿಯಿರಿ. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ಮಾಲ್ಟ್ ರುಚಿ ಅಡಗಿಬಿಡುತ್ತದೆ.

ಅವಸರದಲ್ಲಿರುವವರಿಗೆ ಗ್ಲಾಸಿನಲ್ಲೇ ಬೆರಕೆ ಮಾಡುವುದು ಸುಲಭ. ಕಹಿ ಕಡಿಮೆ ಇರುವ ಅಂಗಡಿಯ ಲಾಗರ್ ಅರ್ಧ, ನಿಮ್ಮದು ಅರ್ಧ. ಇಲ್ಲಾ ಲೆಮನೇಡ್ ಬೆರೆಸಿ ಶ್ಯಾಂಡಿ ಮಾಡಿ. ಆಸ್ಟ್ರೇಲಿಯಾದ ಬೇಸಿಗೆಗೆ ಅದು ಕೆಟ್ಟ ಪಾನೀಯವೇನಲ್ಲ.

ಮುಂದಿನ ಸಲ

ಡಬ್ಬಿ ಕೊಳ್ಳುವಾಗಲೇ ಕಹಿಯ ಅಂಕಿ ನೋಡಿ, ಅವಧಿ ಮುಗಿಯುವ ದಿನವನ್ನೂ ನೋಡಿ. ಹಳೆಯ ಪಾಕ ಕಪ್ಪಾಗಿ ಒಂದು ಥರ ಲೋಹದ ರುಚಿ ಕೊಡುತ್ತದೆ, ಅದನ್ನೂ ಜನ ಕಹಿ ಅಂತಲೇ ಹೇಳುತ್ತಾರೆ.

ನೀರಿನಲ್ಲಿ ಕ್ಲೋರಿನ್ ಇದ್ದರೆ ಹಿಂದಿನ ದಿನ ತೆರೆದಿಟ್ಟರೆ ಹೋಗುತ್ತದೆ ಅಂತ ನಂಬಬೇಡಿ. ಹಲವು ಊರುಗಳು ಕ್ಲೋರಮೀನ್ ಬಳಸುತ್ತವೆ, ಅದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅರ್ಧ ಕ್ಯಾಂಪ್ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಪುಡಿಮಾಡಿ 23 ಲೀಟರ್ ನೀರಿಗೆ ಕಲಕಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನೀರಿಗೆ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಹಾಕುವ ಚಪಲ ಇದ್ದರೆ ಬಿಡಿ. ಅದರ ಸಲ್ಫೇಟ್ ಕಹಿಯನ್ನು ಇನ್ನಷ್ಟು ಹರಿತ ಮಾಡುತ್ತದೆ. ಇಂಗ್ಲೆಂಡಿನ ಬರ್ಟನ್ ಊರಿನ ಪೇಲ್ ಏಲ್‌ಗೆ ಹೆಸರು ಬಂದಿದ್ದೇ ಅಲ್ಲಿನ ಸಲ್ಫೇಟ್ ತುಂಬಿದ ಬಾವಿ ನೀರಿನಿಂದ.

ಪರಿಮಳಕ್ಕೆ ಅಂತ ಹಾಪ್ಸ್ ಕುದಿಸುವವರು ಸಮಯ ನೋಡಿಕೊಳ್ಳಿ. ಆಲ್ಫಾ ಆಸಿಡ್ 12% ಇರುವ 25 ಗ್ರಾಂ ಹಾಪ್ಸ್ ಹತ್ತೇ ನಿಮಿಷ ಕುದಿಸಿದರೂ 23 ಲೀಟರ್‌ಗೆ ಸುಮಾರು 13 ಐಬಿಯು ಸೇರುತ್ತದೆ. ಡಬ್ಬಿಯಲ್ಲಿ ಇದ್ದದ್ದರ ಮೇಲೆ ಇದು! ಪರಿಮಳ ಮಾತ್ರ ಬೇಕಾದರೆ ಒಲೆ ಆರಿಸಿ, ನೀರು 80 ಡಿಗ್ರಿಗಿಂತ ಕೆಳಗಿಳಿದ ಮೇಲೆ ಹಾಪ್ಸ್ ಹಾಕಿ. ಡಬ್ಬಿಯ ಪಾಕವನ್ನೂ ಕುದಿಸುವ ಅಗತ್ಯ ಇಲ್ಲ, ಬಿಸಿನೀರಿನಲ್ಲಿ ಕರಗಿಸಿದರೆ ಸಾಕು. ಯೀಸ್ಟ್ ಹಾಕುವಾಗ 18-20 ಡಿಗ್ರಿ ಇರಲಿ. 27ರಲ್ಲಿ ಹುದುಗಿದ ಬಿಯರ್‌ನ ಗಂಟಲು ಉರಿಯನ್ನು ಹಾಪ್ಸ್ ತಲೆಗೆ ಕಟ್ಟುವವರು ಇದ್ದಾರೆ.

ಕಹಿ ಇಷ್ಟವಿಲ್ಲದವರಿಗೆ ಒಂದು ಅಳತೆ: 390 ಅಂಕಿಯ ಲಾಗರ್ ಡಬ್ಬಿ ಒಂದು, ಹಾಪ್ಸ್ ಇಲ್ಲದ ತಿಳಿ ಮಾಲ್ಟ್ ಪುಡಿ ಒಂದೂವರೆ ಕೆಜಿ, ಒಟ್ಟು 25 ಲೀಟರ್. ಗ್ರಾವಿಟಿ 1.043 ಹತ್ತಿರ, ಕಹಿ 26-27, ಎರಡರ ಅನುಪಾತ 0.6ರ ಆಸುಪಾಸು. ಸಕ್ಕರೆ ಹಾಕುವಂತಿಲ್ಲ. ಗ್ಯಾಸ್ ಬರಲೆಂದು ಬಾಟಲಿಗೆ ಹಾಕುವ ಸಕ್ಕರೆಯನ್ನೂ ಲೀಟರ್‌ಗೆ 8 ಗ್ರಾಂ ಬದಲು 6 ಗ್ರಾಂಗೆ ಇಳಿಸಿ. ಗ್ಯಾಸ್ ಜಾಸ್ತಿಯಾದರೆ ಅದರ ಚುರುಕು ಕಹಿಯನ್ನೂ ಎಬ್ಬಿಸುತ್ತದೆ. ತುಂಬಿದ ದಿನ, ಗ್ರಾವಿಟಿ, ಲೀಟರ್ ಮೂರನ್ನೂ ಮುಚ್ಚಳದ ಮೇಲೆ ಅಥವಾ ಪುಸ್ತಕದಲ್ಲಿ ಬರೆದಿಡಿ. ಇದೂ ಕಹಿ ಅನಿಸಿದರೆ ಮುಂದಿನ ಸಲ ಹೆಸರು ನೋಡದೆ, ಅಂಕಿ 300ರ ಕೆಳಗಿರುವ ಡಬ್ಬಿಯನ್ನೇ ಕೇಳಿ ತನ್ನಿ.